ಡಾಲ್ಫಿನ್‌ಗಳ ತಲೆ ಎಣಿಸಿದರೆ ಸಾಕೇ?

2020ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಪ್ರಧಾನಿ ಮೋದಿ ‘ಪ್ರಾಜೆಕ್ಟ್ ಡಾಲ್ಫಿನ್’ ಘೋಷಿಸಿದಾಗ, ನದಿಯ ಡಾಲ್ಫಿನ್‌ಗಳ ಜೊತೆಗೆ ಸಮುದ್ರದ ಡಾಲ್ಫಿನ್‌ಗಳನ್ನೂ ಸೇರಿಸಿಕೊಂಡಿದ್ದರು. 2025ರ ಮಾರ್ಚ್‌ನಲ್ಲಿ ನದಿಗಳ ಲೆಕ್ಕ ಹೊರಬಂತು: 6,327. ಒಳ್ಳೆಯ ಕೆಲಸವೇ. ಆದರೆ ಇದೇ ಲೆಕ್ಕಾಚಾರವನ್ನು ಕಡಲಿಗೂ ಹಚ್ಚಿ ಕೈತೊಳೆದುಕೊಂಡರೆ ಆಗಲ್ಲ ಅನ್ನೋದು ನನ್ನ ವಾದ. ಕರಾವಳಿಯಲ್ಲಿ ಒಂದೇ ನೀರನ್ನು ಹಲವು ಜಾತಿಗಳು ಹಂಚಿಕೊಂಡು ಬದುಕುತ್ತವೆ. ಅಲ್ಲಿ ಕಾಪಾಡಬೇಕಾದ್ದು ಪ್ರಾಣಿಗಳನ್ನಷ್ಟೇ ಅಲ್ಲ, ಆ ಹಂಚಿಕೆಯನ್ನೂ.

ಈ ಹಂಚಿಕೆ ಹೇಗೆ ನಡೆಯುತ್ತೆ ಅಂತ ತಿಳಿಯಲು ದಶಕಗಟ್ಟಲೆ ಒಂದೇ ಕಡೆ ಕೂತು ನೋಡಬೇಕು. ಅಂಥ ಕೆಲಸ ನಡೆದಿರುವುದು ಅಟ್ಲಾಂಟಿಕ್‌ನ ಬಹಾಮಾಸ್ ದ್ವೀಪಗಳ ಬಳಿ. ಅಮೆರಿಕದ ವಿಜ್ಞಾನಿ ಡೆನಿಸ್ ಹರ್ಜಿಂಗ್ 1985ರಿಂದ ಅಲ್ಲಿನ ಚುಕ್ಕೆ ಡಾಲ್ಫಿನ್ ಮತ್ತು ಬಾಟಲ್‌ನೋಸ್ ಡಾಲ್ಫಿನ್‌ಗಳನ್ನು ನೀರಿಗಿಳಿದು ಗಮನಿಸುತ್ತಾ ಬಂದಿದ್ದಾರೆ. ಬಾಟಲ್‌ನೋಸ್‌ಗಳು ಆಳವಿಲ್ಲದ ಜಾಗದಲ್ಲಿ ಮರಳಿಗೆ ಮೂತಿ ತೂರಿಸಿ ಮೀನು ಹಿಡಿಯುತ್ತವೆ. ಚುಕ್ಕೆ ಡಾಲ್ಫಿನ್‌ಗಳು ರಾತ್ರಿ ಹೊತ್ತು ಆಳದ ಅಂಚಿಗೆ ಹೋಗಿ ಹಾರುಮೀನು, ಸ್ಕ್ವಿಡ್ ಬೇಟೆಯಾಡುತ್ತವೆ. ಅಂದರೆ ಮನೆ ಒಂದೇ, ಅಡುಗೆಮನೆ ಬೇರೆ ಬೇರೆ.

ಹಾಗಂತ ಇದು ಬರೀ ಸ್ನೇಹದ ಕಥೆಯಲ್ಲ. ಎರಡೂ ಜಾತಿಗಳು ಬೆರೆತು ಈಜುತ್ತವೆ, ಆಡುತ್ತವೆ. ಒಂದು ಜಾತಿಯ ಮರಿಯನ್ನು ಇನ್ನೊಂದು ಜಾತಿಯ ಡಾಲ್ಫಿನ್ ನೋಡಿಕೊಂಡದ್ದೂ ಉಂಟು. ಆದರೆ ಗಾತ್ರದಲ್ಲಿ ದೊಡ್ಡದಾದ ಬಾಟಲ್‌ನೋಸ್ ಗಂಡುಗಳು ಚುಕ್ಕೆ ಗಂಡುಗಳ ಮೇಲೆ ಸವಾರಿ ಮಾಡಲು ನೋಡುತ್ತವೆ. ಆಗ ಚುಕ್ಕೆ ಗಂಡುಗಳು ಗುಂಪು ಕಟ್ಟಿ, ಒಂದೇ ತಾಳಕ್ಕೆ ಈಜಿ ಅವನ್ನು ಅಟ್ಟುತ್ತವೆ. ಒಂಟಿಯಾಗಿ ಆಗದ್ದು ಸಂಘಟನೆಯಿಂದ ಆಗುತ್ತೆ. ಜಗಳವೂ ಇದೆ, ರಾಜಿಯೂ ಇದೆ, ಎಷ್ಟೋ ವರ್ಷಗಳ ಒಡನಾಟದಿಂದ ಬಂದ ಗುರುತೂ ಇದೆ.

ಈ ಏರ್ಪಾಡು ಎಷ್ಟು ನಾಜೂಕು ಎಂಬುದೂ ಅಲ್ಲೇ ಗೊತ್ತಾಯಿತು. 2004ರ ಎರಡು ಚಂಡಮಾರುತಗಳ ನಂತರ ಎರಡೂ ಜಾತಿಗಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಡಾಲ್ಫಿನ್‌ಗಳು ಕಾಣೆಯಾದವು. 2013ರಲ್ಲಿ ಸುಮಾರು 50 ಚುಕ್ಕೆ ಡಾಲ್ಫಿನ್‌ಗಳು ಹುಟ್ಟೂರು ಬಿಟ್ಟು 160 ಕಿಲೋಮೀಟರ್ ದೂರದ ಬಿಮಿನಿ ಕಡೆಗೆ ಗುಳೆ ಹೋದವು. ಆಹಾರದ ಏರುಪೇರೇ ಕಾರಣ ಎಂಬುದು ಸಂಶೋಧಕರ ಅಂದಾಜು. ಅವಕ್ಕೆ ಹೋಗಲು ಇನ್ನೊಂದು ಜಾಗವಾದರೂ ಇತ್ತು.

ನಮ್ಮ ಕರಾವಳಿಯ ಡಾಲ್ಫಿನ್‌ಗಳಿಗೆ ಅಂಥ ಜಾಗ ಇದೆಯೇ? ಕಾರವಾರ, ಕುಮಟಾ, ಹೊನ್ನಾವರದ ನೀರಿನಲ್ಲಿ ಗೂನುಬೆನ್ನಿನ ಡಾಲ್ಫಿನ್ ಇದೆ, ಬೆನ್ನಿನ ಮೇಲೆ ರೆಕ್ಕೆಯೇ ಇಲ್ಲದ ನಾಚಿಕೆ ಸ್ವಭಾವದ ಪಾರ್ಪಾಯಿಸ್ ಇದೆ, ಬಾಟಲ್‌ನೋಸ್ ಕೂಡ ಬರುತ್ತದೆ. ಗೂನುಬೆನ್ನಿನ ಡಾಲ್ಫಿನ್ ಮತ್ತು ಬಾಟಲ್‌ನೋಸ್‌ಗಳ ಬೆರೆತ ಗುಂಪುಗಳನ್ನು ನಮ್ಮದೇ ಸಾಗರದ ಆಚೆ ದಡದ ಜಾಂಜಿಬಾರ್‌ನಲ್ಲಿ ದಾಖಲಿಸಿದ್ದಾರೆ. ಇವುಗಳಲ್ಲಿ ಗೂನುಬೆನ್ನಿನದು ಅಳಿವಿನಂಚಿನ ಪಟ್ಟಿಯಲ್ಲಿದೆ. ಅದು ದಡ ಬಿಟ್ಟು ದೂರ ಹೋಗಲ್ಲ. ಅಳಿವೆಗಳ ಆಸುಪಾಸಿನ, ಆಳ ಕಡಿಮೆ ಇರುವ ಕಿರಿದಾದ ಪಟ್ಟಿಯೇ ಅದರ ಬದುಕು. ಅದೇ ಪಟ್ಟಿಯ ಮೇಲೇ ಬಂದರು, ಹೂಳೆತ್ತುವ ಯಂತ್ರ, ಬಲೆ ಎಲ್ಲವೂ ಬಂದು ಬೀಳುತ್ತಿವೆ. ಅಂಕೋಲಾದ ಕೇಣಿಯಲ್ಲಿ, ಹೊನ್ನಾವರದ ಕಾಸರಕೋಡಿನಲ್ಲಿ ಬಂದರು ಯೋಜನೆಗಳ ವಿರುದ್ಧ ಮೀನುಗಾರರು ಬೀದಿಗಿಳಿದಿರುವುದೂ ಇದೇ ನೀರಿಗಾಗಿ.

ಪರಿಸರ ವರದಿಯಲ್ಲಿ ‘ಇಲ್ಲಿ ಡಾಲ್ಫಿನ್ ಕಂಡಿವೆ’ ಅಂತ ಒಂದು ಸಾಲು ಬರೆದರೆ ಮುಗಿಯಲಿಲ್ಲ. ಯಾವ ಜಾತಿ, ಯಾವ ಹೊತ್ತಿಗೆ, ಎಷ್ಟು ಆಳದಲ್ಲಿ, ಯಾರ ಜೊತೆ ಅನ್ನೋದನ್ನು ಎಲ್ಲ ಋತುಗಳಲ್ಲೂ, ವರ್ಷಗಟ್ಟಲೆ ನೋಡಬೇಕು. ದಿನಾ ಕಡಲಿಗೆ ಇಳಿಯುವ ಮೀನುಗಾರರನ್ನು ಆ ಕೆಲಸದಲ್ಲಿ ಕೂಲಿಗಳಾಗಿ ಅಲ್ಲ, ಬಲ್ಲವರಾಗಿ ಸೇರಿಸಿಕೊಳ್ಳಬೇಕು. ಜೀವಿಗಳು ಪರಸ್ಪರ ಹೊಂದಿಕೊಳ್ಳುತ್ತವೆ, ನಿಜ. ಆದರೆ ಹೊಂದಿಕೊಳ್ಳುವುದಕ್ಕೂ ಒಂದಿಷ್ಟು ಜಾಗ ಬೇಕು. ಆ ಜಾಗವನ್ನೇ ಕಿತ್ತುಕೊಂಡು, ಆಮೇಲೆ ತಲೆ ಎಣಿಸುತ್ತಾ ಕೂತರೆ ಸಿಗೋದು ಕಡಿಮೆಯಾಗುತ್ತಾ ಹೋಗುವ ಒಂದು ಸಂಖ್ಯೆ ಮಾತ್ರ.