ಕೋರಮಂಗಲದ ಹಣಕ್ಕೆ ಹಟ್ಟಿಕೇರಿ ಕಾಣುವುದಿಲ್ಲ

2025ರ ಜನವರಿಯಲ್ಲಿ ಆಕ್ಸೆಲ್ ಎಂಬ ವೆಂಚರ್ ಕ್ಯಾಪಿಟಲ್ ಸಂಸ್ಥೆ ಭಾರತ ಮತ್ತು ಆಗ್ನೇಯ ಏಷ್ಯಾದ ಸ್ಟಾರ್ಟಪ್‌ಗಳಿಗಾಗಿ ತನ್ನ ಎಂಟನೆಯ ನಿಧಿಯನ್ನು ಪ್ರಕಟಿಸಿತು. ಮೊತ್ತ 65 ಕೋಟಿ ಡಾಲರ್. ನಮ್ಮ ರೂಪಾಯಿಯಲ್ಲಿ ಐದೂವರೆ ಸಾವಿರ ಕೋಟಿಯ ಆಸುಪಾಸು. ಅಂಕೋಲಾದ ಕೇಣಿಯಲ್ಲಿ ಜೆಎಸ್‌ಡಬ್ಲ್ಯು ಕಂಪನಿ ಕಟ್ಟಹೊರಟಿರುವ, ಮೀನುಗಾರರು ಬೇಡವೆನ್ನುತ್ತಿರುವ ಬಂದರಿಗೆ 2023ರಲ್ಲಿ ಹಾಕಿದ್ದ ಅಂದಾಜು 4,119 ಕೋಟಿ. ಬೆಂಗಳೂರಿನಲ್ಲಿ ಕಚೇರಿ ಇಟ್ಟುಕೊಂಡ ಒಂದೇ ಸಂಸ್ಥೆಯ ಒಂದೇ ನಿಧಿಯಲ್ಲಿ ಒಂದು ಬಂದರು ಕಟ್ಟಿ ಇನ್ನೂ ಸಾವಿರ ಕೋಟಿಗೂ ಹೆಚ್ಚು ಮಿಗುತ್ತದೆ ಎಂದಾಯಿತು. ರಾಜಧಾನಿಯಲ್ಲಿ ಇಷ್ಟು ಹಣ ಓಡಾಡುತ್ತಿರುವಾಗ ಕಾರವಾರ–ಅಂಕೋಲಾ ನಡುವಿನ ಹಟ್ಟಿಕೇರಿಯಂಥ ಊರಿನ ಉದ್ದಿಮೆಗೆ ಅದರಲ್ಲಿ ಪಾಲೇಕಿಲ್ಲ? ಸಾಮಾನ್ಯವಾಗಿ ಬರುವ ಉತ್ತರ ಸೌಕರ್ಯದ ಕೊರತೆಯದು: ಇಂಟರ್ನೆಟ್ ಸರಿಯಿಲ್ಲ, ಓದಿದವರು ಊರಲ್ಲಿ ನಿಲ್ಲುವುದಿಲ್ಲ, ಅಲಗೇರಿಯಲ್ಲಿ ವಿಮಾನ ನಿಲ್ದಾಣ ಆದರೆ ಎಲ್ಲ ನೆಟ್ಟಗಾದೀತು. ಈ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ. ನಾಳೆಯೇ ವಿಮಾನ ಇಳಿದರೂ ಆ ಹಣ ಇಳಿಯುವುದಿಲ್ಲ. ತಡೆ ಇರುವುದು ಊರಿನಲ್ಲಲ್ಲ, ನಿಧಿಯ ಲೆಕ್ಕದಲ್ಲಿ. ಅದನ್ನು ಅರಿಯದೆ ‘ಬೆಂಗಳೂರಿನಾಚೆ’ ಎಂಬ ಸರ್ಕಾರಿ ಘೋಷಣೆಯನ್ನು ವೆಂಚರ್ ಬಂಡವಾಳದ ಅಳತೆಗೋಲಿನಿಂದಲೇ ಅಳೆಯುತ್ತ ಹೋದರೆ ಕರಾವಳಿ ಪ್ರತಿ ವರ್ಷವೂ ನಪಾಸಾಗುತ್ತದೆ.

ಆಕ್ಸೆಲ್ ಬೆಳೆದ ಬಗೆಯನ್ನು ಮೊದಲು ನೋಡಬೇಕು. ಆರ್ಥರ್ ಪ್ಯಾಟರ್ಸನ್ ಮತ್ತು ಜಿಮ್ ಸ್ವಾರ್ಟ್ಜ್ 1983ರಲ್ಲಿ ಅಮೆರಿಕದಲ್ಲಿ ಆರಂಭಿಸಿದ ಈ ಸಂಸ್ಥೆಯ ಹೆಸರು ಲೋಕಕ್ಕೆಲ್ಲ ತಿಳಿದದ್ದು 2005ರಲ್ಲಿ ಫೇಸ್‌ಬುಕ್‌ಗೆ ಹಾಕಿದ ಒಂದೂಕಾಲು ಕೋಟಿ ಡಾಲರಿನಿಂದ. ಭಾರತಕ್ಕೆ ಅದು ಬಂದದ್ದು ತಾನೇ ಅಂಗಡಿ ತೆರೆದು ಅಲ್ಲ. ಬೆಂಗಳೂರಿನಲ್ಲಿ ಪ್ರಶಾಂತ್ ಪ್ರಕಾಶ್, ಸುಬ್ರತ ಮಿತ್ರ, ಮಹೇಂದ್ರನ್ ಬಾಲಚಂದ್ರನ್ ನಡೆಸುತ್ತಿದ್ದ ಎರಾಸ್ಮಿಕ್ ಎಂಬ ಸಣ್ಣ ನಿಧಿಯನ್ನು 2008ರಲ್ಲಿ ತನ್ನೊಳಗೆ ಸೇರಿಸಿಕೊಂಡು. ಅದರ ಹಿಂದಿನ ವರ್ಷವಷ್ಟೇ ಕೋರಮಂಗಲದಲ್ಲಿ ಇಬ್ಬರು ಬನ್ಸಲ್‌ಗಳು ಫ್ಲಿಪ್‌ಕಾರ್ಟ್ ಹೆಸರಿನಲ್ಲಿ ಪುಸ್ತಕ ಮಾರಲು ಶುರುಮಾಡಿದ್ದರು. ಆಕ್ಸೆಲ್ ಅದಕ್ಕೆ ಮೊದಲು ಕೊಟ್ಟದ್ದು ಹತ್ತು ಲಕ್ಷ ಡಾಲರ್‌ನಷ್ಟು. 2018ರಲ್ಲಿ ವಾಲ್‌ಮಾರ್ಟ್ ಆ ಕಂಪನಿಯ ಶೇ 77ರಷ್ಟನ್ನು 1,600 ಕೋಟಿ ಡಾಲರ್ ಕೊಟ್ಟು ಕೊಂಡಿತು. 2015ರಲ್ಲಿ ಆಕ್ಸೆಲ್ ಕೈಹಿಡಿದ ಸ್ವಿಗ್ಗಿ 2024ರ ನವೆಂಬರಿನಲ್ಲಿ ಷೇರುಪೇಟೆಗೆ ಬಂದಾಗ ಎತ್ತಿದ ಹಣ 11 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಇದನ್ನೆಲ್ಲ ಬರಿಯ ಜೂಜು ಎಂದು ತಳ್ಳಿಹಾಕುವವರಿದ್ದಾರೆ. ಹಾಗೆನ್ನಲು ನನಗೆ ಮನಸ್ಸಿಲ್ಲ. ಜಾಮೀನಿಲ್ಲದ, ಲಾಭದ ಸುಳಿವಿಲ್ಲದ, ಇಪ್ಪತ್ತೈದರ ಆಸುಪಾಸಿನ ಹುಡುಗರ ಯೋಚನೆಗೆ ಯಾವ ಬ್ಯಾಂಕ್ ಮ್ಯಾನೇಜರನೂ ಕೊಡದ ಹಣವನ್ನು ಇವರು ಕೊಟ್ಟರು. ಬೆಂಗಳೂರಿನ ಲಕ್ಷಾಂತರ ಸಂಬಳಗಳ ಹಿಂದೆ ಆ ಧೈರ್ಯವಿದೆ.

ಆದರೆ ಆ ಧೈರ್ಯಕ್ಕೊಂದು ಗಣಿತವಿದೆ. ನಿಧಿಯಲ್ಲಿರುವುದು ಬಹುಪಾಲು ಬೇರೆಯವರ ಹಣ. ವಿಶ್ವವಿದ್ಯಾಲಯಗಳ ದತ್ತಿ, ಪಿಂಚಣಿ ನಿಧಿ, ದೊಡ್ಡ ಮನೆತನಗಳ ಸಂಪತ್ತು. ಅದನ್ನು ಹತ್ತು ವರ್ಷಗಳ ಆಚೀಚೆಗೆ ಹಿಂದಿರುಗಿಸಬೇಕು, ಅದೂ ಮೂರು ಪಟ್ಟು ಮಾಡಿ ಕೊಟ್ಟರೆ ಮಾತ್ರ ಮುಂದಿನ ನಿಧಿಗೆ ಜನ ಮುಖ ನೋಡುತ್ತಾರೆ. ಐದೂವರೆ ಸಾವಿರ ಕೋಟಿಯ ಮೂರು ಪಟ್ಟು ಹದಿನಾರೂವರೆ ಸಾವಿರ ಕೋಟಿ. ಮಾರಿ ಹೊರಬರುವ ಹೊತ್ತಿಗೆ ಒಂದೊಂದು ಕಂಪನಿಯಲ್ಲಿ ಸಂಸ್ಥೆಯ ಪಾಲು ಶೇ 15 ಉಳಿದಿರುತ್ತದೆ ಎಂದುಕೊಂಡರೆ, ಆ ಕಂಪನಿಗಳ ಒಟ್ಟು ಬೆಲೆ 1 ಲಕ್ಷ 10 ಸಾವಿರ ಕೋಟಿ ಆಗಲೇಬೇಕು. ಹಾಕಿದ ಹತ್ತರಲ್ಲಿ ಆರೇಳು ಮುಳುಗುತ್ತವೆ ಅಥವಾ ಕುಂಟುತ್ತವೆ ಎಂಬುದು ಈ ವ್ಯವಹಾರದಲ್ಲಿ ಎಲ್ಲರೂ ಒಪ್ಪಿಕೊಂಡ ಮಾತು. ಒಂದೆರಡು ಆಕಾಶಕ್ಕೇರಿ ಉಳಿದದ್ದನ್ನೆಲ್ಲ ತುಂಬಿಕೊಡಬೇಕು. ಈಗ ಹಟ್ಟಿಕೇರಿಯಲ್ಲೊಬ್ಬರು ಚೆನ್ನಾಗಿಯೇ ನಡೆಸಿ 50 ಕೋಟಿ ಬೆಲೆಯ ಉದ್ಯಮ ಕಟ್ಟಿದರು ಎಂದಿಟ್ಟುಕೊಳ್ಳಿ. ತಾಲ್ಲೂಕಿಗೆಲ್ಲ ಅದು ಹೆಮ್ಮೆಯ ಸಂಗತಿ, ನೂರು ಮನೆಗಳ ಊಟ. ನಿಧಿಯ ಪಾಲಿಗೆ ಅದರಿಂದ ಸಿಗುವುದು ಏಳೂವರೆ ಕೋಟಿ. ಇಂಥ ನಿಧಿಗಳು ವಾಡಿಕೆಯಂತೆ ವರ್ಷಕ್ಕೆ ಶೇ 2ರಂತೆ ನಿರ್ವಹಣಾ ಶುಲ್ಕ ಹಿಡಿಯುತ್ತವೆ; ಈ ಗಾತ್ರಕ್ಕೆ ಅದೇ 110 ಕೋಟಿಯಾಗುತ್ತದೆ. ನಮ್ಮ ಊರಿನ ಪೂರ್ಣ ಯಶಸ್ಸು ಅವರ ಒಂದು ತಿಂಗಳ ಖರ್ಚಿಗೂ ಸಾಲದು. ಸಂಸ್ಥೆ ಬೆಳೆದಷ್ಟೂ ಈ ಅಂತರ ಹೆಚ್ಚುತ್ತದೆ. ನಿಧಿ ದೊಡ್ಡದಾದರೆ ಸಣ್ಣ ಊರಿಗೂ ಹರಿದೀತು ಎಂಬ ನಿರೀಕ್ಷೆ ಅದಕ್ಕೇ ತಲೆಕೆಳಗಾದದ್ದು.

ಮೀನಿನ ವ್ಯಾಪಾರದಲ್ಲಿ ಇದು ಕಣ್ಣಿಗೆ ಕಟ್ಟುತ್ತದೆ. ಕಡಲ ಮೀನನ್ನು ತಂತ್ರಜ್ಞಾನದ ನೆರವಿನಿಂದ ಚಿಲ್ಲರೆ ಮಾರಾಟಗಾರರಿಗೆ ತಲುಪಿಸುತ್ತೇವೆಂದು ಉತ್ತಮ್ ಗೌಡ ಬೆಂಗಳೂರಿನಲ್ಲಿ ಆರಂಭಿಸಿದ ಕ್ಯಾಪ್ಟನ್ ಫ್ರೆಶ್ ಕಂಪನಿಗೆ ಆಕ್ಸೆಲ್ ಹಣ ಹಾಕಿದೆ. ಟೈಗರ್ ಗ್ಲೋಬಲ್, ಪ್ರೋಸಸ್ ಕೂಡ ಹಾಕಿವೆ. ಆರಂಭದ ಮಾತು ನಮ್ಮ ದಡ, ನಮ್ಮ ಮಾರುಕಟ್ಟೆಯದಾಗಿತ್ತು. ಕೆಲವೇ ವರ್ಷಗಳಲ್ಲಿ ಕಂಪನಿ ಅಮೆರಿಕ, ಯುರೋಪಿನ ರಫ್ತಿನತ್ತ ವಾಲಿ ಅಲ್ಲಿನ ಕಡಲಾಹಾರ ಕಂಪನಿಗಳನ್ನೇ ಕೊಳ್ಳತೊಡಗಿತು. ಇದರಲ್ಲಿ ಮೋಸವೇನೂ ಇಲ್ಲ. ಆ ಹಣ ತೆಗೆದುಕೊಂಡವರು ಹಿಡಿಯಬೇಕಾದ ದಾರಿಯೇ ಅದು. ಕಾರವಾರದ ಬೈತಖೋಲ ಬಂದರಿನ ದಿನಚರಿ ನೋಡಿದವರಿಗೆ ಕಾರಣ ವಿವರಿಸಬೇಕಿಲ್ಲ. ಬೋಟು ಬಂದ ಮೇಲೆಯೇ ಬಂಗಡೆಯೋ ತಾರ್ಲೆಯೋ ಸಿಗಡಿಯೋ ಗೊತ್ತಾಗುವುದು. ಗಂಟೆಯೊಳಗೆ ಹರಾಜು, ಪುಡಿಮಾಡಿದ ಮಂಜುಗಡ್ಡೆ, ಪ್ಲಾಸ್ಟಿಕ್ ಕ್ರೇಟು, ಹೆದ್ದಾರಿ 66ರಲ್ಲಿ ನೀರು ಸುರಿಸಿಕೊಂಡು ಹಟ್ಟಿಕೇರಿ ಟೋಲ್ ದಾಟುವ ಲಾರಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಮೂರು ತಿಂಗಳಿಗೊಮ್ಮೆ ಬೆಳವಣಿಗೆಯ ರೇಖೆ ತೋರಿಸಬೇಕಾದ ಕಂಪನಿಗೆ ವರ್ಷದಲ್ಲಿ ಎರಡು ತಿಂಗಳು ಬಾಗಿಲು ಮುಚ್ಚುವ ದಡ ಹೇಗೆ ಒಗ್ಗೀತು? ಅಂಕೋಲಾದ ಕರಿ ಈಶಾಡ ಮಾವಿನದೂ ಇದೇ ಕಥೆ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಸಿಪ್ಪೆ ತೆಳು, ರಸ ಜಾಸ್ತಿ, ಹಣ್ಣಾದ ಮೇಲೆ ದೂರ ಹೋಗದು, ಮಳೆ ಹಿಡಿದರೆ ಸುಗ್ಗಿ ಮುಗಿಯಿತು. ಅದರ ತಿರುಳನ್ನು ಡಬ್ಬಿ ಕಟ್ಟುವ ಘಟಕಕ್ಕೆ ಐವತ್ತು ಲಕ್ಷ ಬೇಕಾದೀತು, ಐವತ್ತು ಕೋಟಿ ಕೊಟ್ಟರೆ ಇಡಲು ಜಾಗವಿಲ್ಲ.

ಹಣ ಯಾವ ರೂಪದಲ್ಲಿ ಬಂದರೂ ಹಣವೇ ತಾನೆ ಎನ್ನುವವರಿಗೆ ಈ ತೀರದ ನೆನಪಿನಲ್ಲೇ ಉತ್ತರವಿದೆ. ರಂಪಣಿ ಬಲೆಯ ಕಾಲದಲ್ಲಿ ಬಲೆಯೇ ಕೂಡುಗಂಟಿನದು. ಒಬ್ಬೊಬ್ಬ ಪಾಲುದಾರನೂ ಒಂದೊಂದು ತುಂಡು ಬಲೆ ತರುತ್ತಿದ್ದ, ಎಲ್ಲ ಜೋಡಿಸಿ ಕಡಲಿಗೆ ಬಿಡುತ್ತಿದ್ದರು, ಹತ್ತಾರು ಜನ ದಡದಲ್ಲಿ ನಿಂತು ಎಳೆಯುತ್ತಿದ್ದರು, ಸಿಕ್ಕಿದ್ದರಲ್ಲಿ ಪಾಲು. ಏನೂ ಸಿಗದ ದಿನ ನಷ್ಟವೂ ಪಾಲಾಗುತ್ತಿತ್ತು. ಅಪಾಯ ಹಂಚಿಕೊಳ್ಳುವ ಬಂಡವಾಳ ಎಂದು ಇಂದು ಯಾವುದನ್ನು ಹೊಸದೆಂಬಂತೆ ಹೇಳುತ್ತಾರೋ ಅದು ಇಲ್ಲಿ ಬಹಳ ಮೊದಲೇ ಇತ್ತು. 1970ರ ದಶಕದ ನಡುಭಾಗದಲ್ಲಿ ಪರ್ಸೀನ್ ದೋಣಿಗಳು ಬಂದವು. ಮೀನಿನ ಇಳುವರಿ ಹೆಚ್ಚಿತು, ಅದನ್ನು ಅಲ್ಲಗಳೆಯಲಾಗದು. ಆದರೆ ದೋಣಿ, ಎಂಜಿನ್, ಬಲೆಗೆ ಬೇಕಾದ ದೊಡ್ಡ ಮೊತ್ತ ಹೊಂದಿಸಬಲ್ಲವನು ಮಾಲೀಕನಾದ, ಉಳಿದವರು ಅವನ ದೋಣಿಯ ಆಳುಗಳಾದರು. ಒಂದು ದಶಕ ಕಳೆಯುವುದರೊಳಗೆ ರಂಪಣಿ ಬಹುತೇಕ ದಡ ಬಿಟ್ಟಿತು. ಮೀನು ಅದೇ, ಕಡಲು ಅದೇ, ಒಡೆತನ ಮಾತ್ರ ಬದಲಾಯಿತು. ದೊಡ್ಡ ಹಣ ಈ ಭಾಗಕ್ಕೆ ಬಂದೇ ಇಲ್ಲ ಎಂದಲ್ಲ. ಸೀಬರ್ಡ್ ನೌಕಾನೆಲೆ ಬಂತು, ಬೇಲೆಕೇರಿಯಿಂದ ಅದಿರು ಹೋಯಿತು, ಈಗ ಕೇಣಿ ಬಂದರಿನ ಸರದಿ. ಈ ಮೂರಕ್ಕೂ ಬೇಕಾದದ್ದು ಇಲ್ಲಿನ ದಡ. ಇಲ್ಲಿನ ಜನ ಅವುಗಳಲ್ಲಿ ಪಾಲುದಾರರಾಗಲಿಲ್ಲ.

ಕರಾವಳಿಗೆ ತನ್ನದೇ ಬಂಡವಾಳದ ಪರಂಪರೆ ಇರಲಿಲ್ಲವೇ? ದೇಶಕ್ಕೇ ಮಾದರಿಯಾಗುವಂಥದ್ದಿತ್ತು. ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಅವರು 1925ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯನ್ನು ಎಂಟು ಸಾವಿರ ರೂಪಾಯಿಯಿಂದ ಕಟ್ಟಿದ್ದು ಸಂಕಷ್ಟಕ್ಕೆ ಸಿಕ್ಕಿದ್ದ ಕೈಮಗ್ಗದವರಿಗೆ ನೆರವಾಗಲು. 1928ರಲ್ಲಿ ಅದು ಪಿಗ್ಮಿ ಶುರುಮಾಡಿತು: ದಿನಕ್ಕೆ ಎರಡಾಣೆ, ಮನೆಬಾಗಿಲಿಗೆ ಬಂದು ಒಯ್ಯುವುದು. ಇಂದು ಸೆಬಿ ನಿಯಮದ ಪ್ರಕಾರ ವೆಂಚರ್ ನಿಧಿಯೊಂದರಲ್ಲಿ ಹೂಡಲು ಸಾಮಾನ್ಯ ಹೂಡಿಕೆದಾರನೊಬ್ಬ ತರಬೇಕಾದದ್ದು ಕನಿಷ್ಠ 1 ಕೋಟಿ. ಎರಡಾಣೆಯವನು ಸ್ಟಾರ್ಟಪ್‌ಗಳ ಲಾಭದಲ್ಲಿ ಪಾಲುದಾರನಾಗುವುದು ಅವು ಷೇರುಪೇಟೆಗೆ ಬಂದ ಮೇಲೆಯೇ, ಅಂದರೆ ಹಾಲು ಕರೆದಾದ ಮೇಲೆ. ಇತ್ತ ವಿಜಯ ಬ್ಯಾಂಕ್ 2019ರಲ್ಲಿ ಬರೋಡಾದೊಳಗೆ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ ಕೆನರಾ ಹಾಗೂ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. ಕೋರಮಂಗಲದ ನಿಧಿಗಳು ಉಬ್ಬುತ್ತಿದ್ದ ವರ್ಷಗಳಲ್ಲೇ ಕರಾವಳಿಯ ಬ್ಯಾಂಕುಗಳ ಹೆಸರು ಫಲಕದಿಂದ ಇಳಿದವು. ಇದು ಕಾಕತಾಳೀಯವೇ ಇರಬಹುದು, ಆದರೆ ಪರಿಣಾಮ ಒಂದೇ: ಊರಿನ ಉದ್ದಿಮೆದಾರನನ್ನು ಹೆಸರು ಹಿಡಿದು ಬಲ್ಲವನು, ಅವನಿಗೆ ಸಾಲ ಮಂಜೂರು ಮಾಡುವ ಅಧಿಕಾರವೂ ಉಳ್ಳವನು, ಈಗ ಜಿಲ್ಲೆಯಲ್ಲಿ ಕುಳಿತಿಲ್ಲ.

ಉಡುಪಿಯ ರೋಬೋಸಾಫ್ಟ್ ಇಲ್ಲವೇ ಎಂಬ ಪ್ರಶ್ನೆ ಬರುತ್ತದೆ, ಬರಬೇಕು. ರೋಹಿತ್ ಭಟ್ 1996ರಲ್ಲಿ ಆರಂಭಿಸಿದ ಆ ಕಂಪನಿಯನ್ನು ಜಪಾನಿನ ಟೆಕ್ನೋಪ್ರೊ 2021ರಲ್ಲಿ 805 ಕೋಟಿಗೆ ಕೊಂಡಿತು. ನಡುವೆ ಅದಕ್ಕೆ ಹೂಡಿಕೆ ನಿಧಿಗಳ ಹಣವೂ ಬಂದಿತ್ತು. ಆದರೆ ಕ್ರಮ ಗಮನಿಸಿ: ಹೊರಗಿನ ಹಣ ಬರುವ ಮೊದಲು ಅದು ಹಲವು ವರ್ಷ ಗ್ರಾಹಕರ ದುಡ್ಡಿನಲ್ಲೇ ಬೆಳೆದಿತ್ತು. ಹರೀಶ್ ಹಂದೆ ಅವರ ಸೆಲ್ಕೊ 1995ರಿಂದ ಕರಾವಳಿ–ಮಲೆನಾಡಿನ ಮನೆಗಳಿಗೆ ಸೌರದೀಪ ಹಾಕಿದ್ದು ಗ್ರಾಮೀಣ ಬ್ಯಾಂಕುಗಳು ಕೊಳ್ಳುವವರಿಗೆ ಸಾಲ ಕೊಡಲು ಒಪ್ಪಿದ್ದರಿಂದ. ಇನ್ನೊಂದು ಆಕ್ಷೇಪ ಇದಕ್ಕಿಂತ ಚುಚ್ಚುವಂಥದು: ಸಣ್ಣದರಲ್ಲೇ ಇರಿ ಎಂದು ಕರಾವಳಿಯ ಹುಡುಗರಿಗೆ ಉಪದೇಶಿಸುತ್ತಿದ್ದೀರಾ? ಇಲ್ಲ. ಲೋಕಕ್ಕೆಲ್ಲ ಮಾರಬಹುದಾದ ಸಾಫ್ಟ್‌ವೇರು ಹೊಳೆದವರು ಬೆಂಗಳೂರಿಗೆ ಹೋಗಲಿ, ಆಕ್ಸೆಲ್‌ನ ಬಾಗಿಲು ತಟ್ಟಲಿ. ಅವರಿಗೆ ಅದೇ ಸರಿಯಾದ ಹಣ. ಉಳಿದವರಿಗೆ ಅದು ಸಿಗುವುದಿಲ್ಲ, ಸಿಕ್ಕರೂ ಹಾನಿ. 2022ರಲ್ಲಿ 2,200 ಕೋಟಿ ಡಾಲರ್ ಬೆಲೆಕಟ್ಟಿಸಿಕೊಂಡ ಬೈಜೂಸ್ ಎರಡೇ ವರ್ಷದಲ್ಲಿ ದಿವಾಳಿ ಪ್ರಕ್ರಿಯೆಗೆ ಬಿತ್ತು. ಪಾಠ ಹೇಳುವ ಒಳ್ಳೆಯ ವ್ಯಾಪಾರಕ್ಕೂ ಅತಿವೇಗದ ಹಣ ಏನು ಮಾಡಬಹುದೆಂಬುದು ಅಲ್ಲಿ ಕಂಡಿತು.

ಹಾಗಾದರೆ ಮಾಡಬಹುದಾದದ್ದೇನು? ರಾಜ್ಯದ 2025–30ರ ಸ್ಟಾರ್ಟಪ್ ನೀತಿ 518 ಕೋಟಿ ಮೀಸಲಿಟ್ಟು 25 ಸಾವಿರ ಸ್ಟಾರ್ಟಪ್‌ಗಳ ಗುರಿ ಇಟ್ಟುಕೊಂಡಿದೆ. ಅದರಲ್ಲಿ 10 ಸಾವಿರ ಬೆಂಗಳೂರಿನ ಹೊರಗೆ. ಅದರಿಂದ 50 ಕೋಟಿ ತೆಗೆದು ಉತ್ತರ ಕನ್ನಡಕ್ಕೊಂದು ನಿಧಿ ಮಾಡಿ ನೂರು ಉದ್ಯಮಗಳಿಗೆ ತಲಾ 50 ಲಕ್ಷ ಹಾಕಬಹುದು. ಅಡವು ಬೇಡ. ಮಾರಾಟದ ಶೇ 5ನ್ನು ಹಾಕಿದ್ದರ ಎರಡು ಪಟ್ಟು ಮುಟ್ಟುವವರೆಗೆ ಕೊಡಲಿ. ಜೂನ್–ಜುಲೈಯಲ್ಲಿ ಮಾರಾಟವಿಲ್ಲದಿದ್ದರೆ ಕಂತೂ ಇಲ್ಲ. ವರ್ಷಕ್ಕೆ 2 ಕೋಟಿ ವಹಿವಾಟಿನ ಘಟಕ ಹತ್ತು ವರ್ಷದಲ್ಲಿ ತೀರಿಸುತ್ತದೆ, ಮಾಲೀಕತ್ವ ಮಾಲೀಕನಲ್ಲೇ ಉಳಿಯುತ್ತದೆ. ನೂರರಲ್ಲಿ ಐವತ್ತು ಮುಳುಗಿದರೂ ಅಸಲು ಬರುತ್ತದೆ. ಹಣದುಬ್ಬರ, ಆಡಳಿತದ ಖರ್ಚು ಕಳೆದರೆ ಇದರಲ್ಲಿ ಲಾಭವಿಲ್ಲ ಎಂಬುದು ನಿಜವೇ. ಅದಕ್ಕೇ ಖಾಸಗಿ ನಿಧಿ ಇದನ್ನು ಮಾಡುವುದಿಲ್ಲ, ಸರ್ಕಾರ ಮಾಡಬೇಕಾಗುತ್ತದೆ. ಸರ್ಕಾರಿ ದುಡ್ಡೆಂದರೆ ನೀರುಪಾಲು ಎನ್ನುವವರು ಬೆಂಗಳೂರಿನ ಇತಿಹಾಸವನ್ನೇ ಮರೆತಿದ್ದಾರೆ. ಅಲ್ಲಿ ಸಾಹಸ ಬಂಡವಾಳದ ಮೊದಲ ನಿಧಿಗಳಲ್ಲೊಂದಾದ ಟಿಡಿಐಸಿಐ 1988ರಲ್ಲಿ ಹುಟ್ಟಿದ್ದು ಐಸಿಐಸಿಐ ಮತ್ತು ಯುಟಿಐ ಎಂಬ ಸಾರ್ವಜನಿಕ ಸಂಸ್ಥೆಗಳಿಂದ. ಆಕ್ಸೆಲ್ ಬಂದದ್ದು ಇಪ್ಪತ್ತು ವರ್ಷ ತಡವಾಗಿ. ಸ್ಥಳೀಯರ ಕೈಗೆ ಕೊಟ್ಟರೆ ನೆಂಟರಿಷ್ಟರಿಗೆ ಹೋಗುತ್ತದೆ ಎಂಬ ಭಯಕ್ಕೆ ಮಾತ್ರ ನನ್ನಲ್ಲಿ ಸುಲಭದ ಉತ್ತರವಿಲ್ಲ. ಸಹಕಾರಿ ವಲಯದ ಹಗರಣಗಳ ಫಲವನ್ನು ಬೆಂಗಳೂರಿನ ಗುರು ರಾಘವೇಂದ್ರ ಬ್ಯಾಂಕಿನ ಠೇವಣಿದಾರರು 2020ರಿಂದ ಅನುಭವಿಸುತ್ತಿದ್ದಾರೆ. ಇತ್ತ 1923ರಲ್ಲಿ ಶಿರಸಿಯಲ್ಲಿ ಹುಟ್ಟಿದ ತೋಟಗಾರ್ಸ್ ಸೊಸೈಟಿ ನೂರು ವರ್ಷ ದಾಟಿ ಅಡಿಕೆ ಬೆಳೆಗಾರರ ಬೆನ್ನಿಗಿದೆ. ಆಯ್ಕೆ ಸಮಿತಿಯಲ್ಲಿ ಶಾಸಕರಿಗೆ ಜಾಗವಿರಬಾರದು, ಯಾರಿಗೆ ಎಷ್ಟು ಕೊಟ್ಟರು ಎಂಬ ಪಟ್ಟಿ ಗ್ರಾಮ ಪಂಚಾಯ್ತಿಯ ಗೋಡೆಗೆ ಬರಬೇಕು, ಮತ್ತು ವರ್ಷದ ಕೊನೆಗೆ ಎಷ್ಟು ಸ್ಟಾರ್ಟಪ್ ನೋಂದಣಿಯಾದವು, ಎಷ್ಟು ಕೋಟಿ ಹೊರಗಿನ ಹೂಡಿಕೆ ಬಂತು ಎಂಬ ಎರಡು ಸಾಲಿನ ಬದಲು ಇಲಾಖೆ ಇನ್ನೆರಡು ಸಾಲು ಬರೆಯಬೇಕು: ಅವುಗಳಲ್ಲಿ ಐದು ವರ್ಷದ ಬಳಿಕವೂ ಬಾಗಿಲು ತೆರೆದಿರುವುದು ಎಷ್ಟು, ಅವುಗಳ ಷೇರು ಯಾರ ಹೆಸರಿನಲ್ಲಿದೆ.