ಹೊತ್ತವರ ಬೆನ್ನು

ವಾಚಕ ಮಹಾಶಯರಲ್ಲಿ ಅನೇಕರು 108 ಎಂಬ ಮೂರು ಅಂಕಿಗಳನ್ನು ಒಂದಲ್ಲ ಒಂದು ದುರ್ದಿನ ಒತ್ತಿಯೇ ಇರುವರು. ಗಾಡಿ ಬಂದಿತೇ, ರೋಗಿ ಆಸ್ಪತ್ರೆಗೆ ಸೇರಿದನೇ, ಪ್ರಾಣ ಉಳಿಯಿತೇ ಎಂಬಿಷ್ಟನ್ನು ನಾವು ವಿಚಾರಿಸುವೆವೇ ಹೊರತು, ರೋಗಿಯನ್ನು ಎತ್ತಿದವರ ಸೊಂಟವೇನಾಯಿತೆಂದು ಕೇಳುವ ವಾಡಿಕೆ ಯಾರಲ್ಲಿಯೂ ಇಲ್ಲ. ನಮಗೂ ಇರಲಿಲ್ಲ. ಈಚೆಗೆ ಕೊಳ್ಳೇಗಾಲದಲ್ಲಿ ಕಣ್ಣಾರೆ ಕಂಡ ಒಂದು ಸಣ್ಣ ಸಂಗತಿಯೇ ಈ ತಿಂಗಳ ಲೇಖನಕ್ಕೆ ಕಾರಣವಾಯಿತು.

ರೇಷ್ಮೆ ನೇಯುವವರ ಬೀದಿ. ಇಕ್ಕಟ್ಟಾದ ಮನೆ, ನಡುಮನೆಯ ಅರ್ಧವನ್ನು ಮಗ್ಗವೇ ಆಕ್ರಮಿಸಿಕೊಂಡಿತ್ತು. ಒಳಕೋಣೆಯಲ್ಲಿ ಮಲಗಿದ್ದ ಸ್ಥೂಲಕಾಯದ ವೃದ್ಧೆಯೊಬ್ಬರಿಗೆ ಬೆಳಗಿನ ಜಾವ ಎದೆನೋವು ಕಾಣಿಸಿಕೊಂಡಿತು. ಗಾಡಿ ಬೇಗನೆ ಬಂದಿತು. ಅದರಿಂದ ಇಳಿದವರು ಇಬ್ಬರೇ: ಗಾಡಿ ನಡೆಸುವ ಪೈಲಟ್, ಶುಶ್ರೂಷೆ ಮಾಡುವ ಇ.ಎಂ.ಟಿ. ಗಾಲಿಯ ಸ್ಟ್ರೆಚರ್ ಮಗ್ಗವನ್ನು ದಾಟಿ ಒಳಗೆ ಬರಲೊಲ್ಲದು. ಆ ಇಬ್ಬರೂ ವೃದ್ಧೆಯನ್ನು ಜಮಖಾನದ ಮೇಲೆಯೇ ಎತ್ತಿ, ಮಗ್ಗಕ್ಕೂ ಗೋಡೆಗೂ ನಡುವೆ ಬಾಗಿ, ಮೈಯನ್ನು ತಿರುಚಿಕೊಂಡು ಹೊರಗೆ ತಂದರು. ಆಕೆಯು ಗಾಬರಿಯಿಂದ ಇ.ಎಂ.ಟಿ. ಹುಡುಗನ ಕುತ್ತಿಗೆಯನ್ನು ಎರಡು ಕೈಗಳಿಂದಲೂ ಬಿಗಿಯಾಗಿ ಹಿಡಿದುಕೊಂಡಿದ್ದರು. ನಾವು ಏಳೆಂಟು ಮಂದಿ ಗಂಡಸರು ಕೈಕಟ್ಟಿಕೊಂಡು ಜಗಲಿಯ ಮೇಲೆ ನಿಂತಿದ್ದೆವು. ಆಕೆಯನ್ನು ಗಾಡಿಗೆ ಏರಿಸಿದ ಮೇಲೆ ಆ ಹುಡುಗನು ಸೊಂಟಕ್ಕೆ ಕೈಕೊಟ್ಟು, ಹಲ್ಲುಕಚ್ಚಿ, ಅರೆಗಳಿಗೆ ನಿಂತನು. "ಏನಪ್ಪಾ, ನೋವೇ?" ಎಂದೆವು. "ದಿನಾ ಇದ್ದದ್ದೇ ಸ್ವಾಮಿ, ಬಾಗಿಲು ಹಾಕಿ" ಎಂದು ಒಳಗೆ ಹತ್ತಿದನು. ವೃದ್ಧೆಯು ಗುಣಹೊಂದಿ ಮನೆಗೆ ಬಂದರು. ನಮಗೆ ಮಾತ್ರ ಆ ಹುಡುಗನ ಮಾತು ಮನಸ್ಸಿನಿಂದ ಹೋಗಲಿಲ್ಲ.

ಈ ನೋವು ಕೊಳ್ಳೇಗಾಲದ ಒಬ್ಬ ಹುಡುಗನ ಪಾಡಲ್ಲ. ಅನೇಕ ದೇಶಗಳಲ್ಲಿ ಆಂಬುಲೆನ್ಸ್ ಕೆಲಸಗಾರರನ್ನು ವಿಚಾರಿಸಿ ನೋಡಿದಾಗಲೂ, ಅವರ ಕಾಯಿಲೆಗಳಲ್ಲಿ ಸೊಂಟನೋವು ಮುಂದೆ ನಿಲ್ಲುವುದು. ಅದರ ಹಿಂದೆ ಕುತ್ತಿಗೆ, ಭುಜ, ಮಂಡಿಗಳು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 2010ರಲ್ಲಿ ಪರಿಷ್ಕರಿಸಿದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಸ್ನಾಯು, ಮೂಳೆ, ಕೀಲುಗಳ ಬಾಧೆಗಳಿಗೆ ಪ್ರತ್ಯೇಕ ಭಾಗವೇ ಇದೆ. ಆದರೂ ಕೈ ಮುರಿದವನಿಗೆ ದೊರೆಯುವ ಮರುಕ ಸೊಂಟ ಹಿಡಿದವನಿಗೆ ದೊರೆಯದು. ಹೊರಗೆ ಗಾಯ ಕಾಣುವುದಿಲ್ಲವಷ್ಟೆ!

ಬೆನ್ನಿಗೆ ಇಷ್ಟು ಪೆಟ್ಟು ಬೀಳುವುದೇಕೆಂಬುದನ್ನು ನಮ್ಮ ಹಳ್ಳಿಯ ಏತವನ್ನು ನೆನೆದರೆ ತಿಳಿಯಬಹುದು. ಏತದ ಉದ್ದ ತೋಳಿನ ತುದಿಯಲ್ಲಿ ಸ್ವಲ್ಪ ಭಾರವಿದ್ದರೂ, ಗಿಡ್ಡ ತೋಳಿನ ಕಡೆ ಬಹು ಭಾರವನ್ನು ಹೇರಬೇಕಾಗುವುದು. ಬೆನ್ನೆಲುಬಿನ ಹಿಂದಿರುವ ಸ್ನಾಯುಗಳು ಈ ಗಿಡ್ಡ ತೋಳಿನವು. ಬೆನ್ನುಮಣಿಯ ಮಧ್ಯದಿಂದ ಅವುಗಳ ದೂರ ಸುಮಾರು 5 ಸೆಂಟಿಮೀಟರ್ ಮಾತ್ರ. 30 ಕಿಲೋ ಭಾರವನ್ನು ಮೈಯಿಂದ 50 ಸೆಂಟಿಮೀಟರ್ ಮುಂದಕ್ಕೆ ಚಾಚಿ ಹಿಡಿದವನ ಬೆನ್ನಿನ ಸ್ನಾಯುಗಳು ಅದರ ಹತ್ತರಷ್ಟು, ಎಂದರೆ 300 ಕಿಲೋದಷ್ಟು, ಬಲದಿಂದ ಎಳೆಯಬೇಕು. ಬಾಗಿದವನ ಸ್ವಂತ ಮೈಭಾರ ಇದಕ್ಕೆ ಸೇರಿಲ್ಲ. ಅದೇ ಭಾರವನ್ನು ಹೊಟ್ಟೆಯ ಹತ್ತಿರಕ್ಕೆ, 25 ಸೆಂಟಿಮೀಟರಿಗೆ, ಎಳೆದುಕೊಂಡರೆ ಆ ಬಲವು ಅರ್ಧಕ್ಕೆ ಇಳಿಯುವುದು. ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕುಗಳು ಈ ಒತ್ತಡವನ್ನೆಲ್ಲ ತಾಳಬೇಕು. ಬಾಗುವುದರ ಜೊತೆಗೆ ತಿರುಚುವುದೂ ಸೇರಿದಾಗ ಅವು ಸುಲಭವಾಗಿ ಕೆಡುವುವು.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಲೆಕ್ಕದಂತೆ, ಎಲ್ಲ ಅನುಕೂಲಗಳೂ ಇರುವಾಗ ಒಬ್ಬನು ಎತ್ತಬಹುದಾದ ಭಾರ 23 ಕಿಲೋ. ರೋಗಿಗಳನ್ನು ಎತ್ತುವ ಕೆಲಸದಲ್ಲಿ ಅದನ್ನು ಸುಮಾರು 16 ಕಿಲೋಗೆ ಇಳಿಸಬೇಕೆಂದು 2007ರಲ್ಲಿ ತಜ್ಞರು ಸೂಚಿಸಿದರು. ಯಾತಕ್ಕೆಂದರೆ ಮನುಷ್ಯನು ಅಕ್ಕಿಯ ಮೂಟೆಯಲ್ಲ. ಹಿಡಿಕೆಯಿಲ್ಲ, ಹೊರಳುವನು, ಹೆದರಿ ಕುತ್ತಿಗೆಗೆ ಜೋತುಬೀಳುವನು. 70 ಕಿಲೋ ತೂಕದವರನ್ನು ಇಬ್ಬರೇ ಎತ್ತಿದರೆ ತಲೆಗೆ 35 ಕಿಲೋ ಆಯಿತು. ಲೆಕ್ಕವು ಆರಂಭದಲ್ಲಿಯೇ ತಪ್ಪಿತು.

ಇನ್ನು ನಮ್ಮ ಸೀಮೆಯ ದಾರಿಗಳ ವಿಚಾರ. ಕೊಳ್ಳೇಗಾಲದಿಂದ ಹನೂರನ್ನು ಹಾದು ಮಲೆ ಮಹದೇಶ್ವರ ಬೆಟ್ಟಕ್ಕೆ 70 ಕಿಲೋಮೀಟರಿಗೂ ಮಿಗಿಲು. ತಾಳಬೆಟ್ಟದಿಂದ ಮೇಲಕ್ಕೆ ಘಟ್ಟದ ತಿರುವುಗಳು. ಯಳಂದೂರಿನ ಕಡೆ ಬಿಳಿಗಿರಿರಂಗನ ಬೆಟ್ಟದ ಏರು. ಗಾಡಿಯ ಅದುರುವಿಕೆಯು ಒಂದು ಸೆಕೆಂಡಿಗೆ 4ರಿಂದ 6 ಬಾರಿಯಂತೆ ಇರುವಾಗ ಮನುಷ್ಯನ ಬೆನ್ನೆಲುಬು ತಾನೂ ಅದಕ್ಕೆ ತಾಳಗೂಡಿಸಿ ಹೆಚ್ಚಾಗಿ ಅದುರುವುದೆಂದು ಶೋಧಕರು ಕಂಡುಕೊಂಡಿದ್ದಾರೆ. ಗಾಡಿಯ ಹಿಂಭಾಗದಲ್ಲಿ ರೋಗಿಯ ಮೇಲೆ ಬಾಗಿ, ಒಂದು ಕೈಯಿಂದ ಕಂಬಿ ಹಿಡಿದು ಇನ್ನೊಂದರಿಂದ ಚಿಕಿತ್ಸೆ ಮಾಡುವವನ ಪಾಡು ಪೈಲಟನಿಗಿಂತಲೂ ಕಷ್ಟ. ಹೃದಯ ನಿಂತವನ ಎದೆಯನ್ನು ಮಿನಿಟಿಗೆ 100ರಿಂದ 120 ಬಾರಿ, 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕಾದಾಗಲಂತೂ ಮಂಡಿ, ಸೊಂಟ, ಮಣಿಕಟ್ಟುಗಳಿಗೆ ಬಿಡುವೇ ಇಲ್ಲ.

ಇನ್ನೊಂದು ಸೂಕ್ಷ್ಮವನ್ನು ಹಲವರು ಅರಿಯರು. ರಾತ್ರಿ ಮಲಗಿರುವಾಗ ಡಿಸ್ಕುಗಳು ನೀರನ್ನು ಹೀರಿಕೊಂಡು ಉಬ್ಬುವುವು. ಎದ್ದ ಕೂಡಲೆ ಬಾಗಿದರೆ ಅವುಗಳ ಮೇಲೆ ಬೀಳುವ ಒತ್ತಡ ಹಗಲಿಗಿಂತ ಬಹಳ ಹೆಚ್ಚು. ಬೆಳಗಿನ ಹೊತ್ತು ಬಾಗುವುದನ್ನು ತಪ್ಪಿಸಿದ ಹಳೆಯ ಸೊಂಟನೋವಿನವರಿಗೆ ನೋವು ಕಡಮೆಯಾದುದು 1998ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಿಂದ ತಿಳಿದುಬಂದಿದೆ. ಕಣ್ಣು ಮುಚ್ಚಿದ ಗಳಿಗೆಯಲ್ಲಿ ಕರೆ ಬಂದು, ನಿದ್ದೆಗಣ್ಣಿನಲ್ಲಿಯೇ ಗಾಡಿ ಹತ್ತಿ, ಇಳಿದೊಡನೆ ರೋಗಿಯನ್ನು ಎತ್ತುವವರಿಗೆ ಈ ಪಥ್ಯವನ್ನು ಯಾರು ಹೇಳಬೇಕು?

2018ನೆಯ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆತ ಪ್ರಸಾದವನ್ನು ತಿಂದು 17 ಮಂದಿ ಮೃತರಾದುದನ್ನು ವಾಚಕರು ಮರೆತಿರಲಾರರು. ಅಸ್ವಸ್ಥರಾದವರು ನೂರಕ್ಕೂ ಹೆಚ್ಚು ಮಂದಿ. ಕಾಮಗೆರೆ, ಕೊಳ್ಳೇಗಾಲ, ಮೈಸೂರುಗಳ ಆಸ್ಪತ್ರೆಗಳಿಗೆ ಅವರನ್ನು ಸಾಗಿಸಲಾಯಿತು. ಒಬ್ಬ ರೋಗಿಯನ್ನು ನೆಲದಿಂದ ಸ್ಟ್ರೆಚರಿಗೆ, ಅಲ್ಲಿಂದ ಗಾಡಿಗೆ, ಗಾಡಿಯಿಂದ ಕೆಳಕ್ಕೆ, ಮತ್ತೆ ಹಾಸಿಗೆಗೆ ಎಂದು ನಾಲ್ಕು ಸಲವಾದರೂ ಎತ್ತಿಳಿಸಬೇಕು. ಮೈಸೂರಿಗೆ ಕಳುಹಿಸುವುದಾದರೆ ಇದೆಲ್ಲವೂ ಇನ್ನೊಮ್ಮೆ. ನೂರು ಮಂದಿಗೆ ಎಷ್ಟಾಯಿತೆಂದು ಗುಣಿಸಿ ನೋಡಿರಿ. ಆ ದಿನದ ಸಾವುನೋವುಗಳ ಮುಂದೆ ಎತ್ತಿದವರ ಬೆನ್ನಿನ ಮಾತನ್ನು ಯಾರೂ ಆಡಲಿಲ್ಲ. ಆಡುವ ಹೊತ್ತೂ ಅದಲ್ಲ.

ಕರ್ನಾಟಕದಲ್ಲಿ 108ರ ಸೇವೆ ಆರಂಭವಾದುದು 2008ನೆಯ ನವೆಂಬರ್ 1ರಂದು. ಅದಕ್ಕೆ ಮುಂಚೆ ಬೆಟ್ಟದ ಹಳ್ಳಿಗಳಲ್ಲಿದ್ದುದು ಡೋಲಿ. ಗಾಡಿ ಹೋಗದ ಕಾಡುದಾರಿಗಳಲ್ಲಿ ಆಮೇಲೆಯೂ ಡೋಲಿಯೇ ಗತಿಯಾಯಿತು. ಮಹದೇಶ್ವರ ಬೆಟ್ಟದ ಕಾಡಿನೊಳಗಣ ಊರುಗಳಿಂದ ಬಸುರಿಯರನ್ನು ಗಂಡಸರು ಹೊತ್ತು ತಂದ ಸಂಗತಿಗಳು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿವೆ. 2022ರಲ್ಲಿ ಆ ಊರುಗಳಿಗಾಗಿ 'ಜನವನ ಸಾರಿಗೆ' ಎಂಬ ಹೆಸರಿನಲ್ಲಿ ಜೀಪುಗಳನ್ನು ಬಿಡಲಾಯಿತು. ಡೋಲಿಯನ್ನು ಕಂಡು ಮರುಗುವವರು ಒಂದನ್ನು ಗಮನಿಸಬೇಕು: ಹೆಗಲ ಮೇಲಿನ ಬೊಂಬಿನ ಭಾರವು ಬೆನ್ನೆಲುಬಿನ ನೇರಕ್ಕೆ ಇಳಿಯುವುದರಿಂದ ಏತದ ಲೆಕ್ಕ ಅಲ್ಲಿ ಅಷ್ಟಾಗಿ ತಾಗದು, ಹೊರುವವರೂ ಹೆಗಲು ಬದಲಿಸುವರು, ಆಳು ಬದಲಿಸುವರು. ಹೆಗಲು, ಕುತ್ತಿಗೆ, ಇಳಿಜಾರಿನಲ್ಲಿ ಮಂಡಿ, ಇವು ಸವೆಯುವುದು ಬೇರೆ ಮಾತು. ಆಳು ಬದಲಿಸುವ ಆ ಪದ್ಧತಿ ಮಾತ್ರ ಗಾಡಿಯ ಇಬ್ಬರಿಗೆ ಇಲ್ಲವಾಗಿದೆ. 1899ರಲ್ಲಿ ದಕ್ಷಿಣ ಆಫ್ರಿಕದ ಯುದ್ಧಕಾಲದಲ್ಲಿ ಗಾಂಧಿಯವರು ಕಟ್ಟಿದ ಭಾರತೀಯ ಆಂಬುಲೆನ್ಸ್ ದಳದಲ್ಲಿ ಸುಮಾರು 1,100 ಜನರಿದ್ದರು. ಗಾಯಾಳುಗಳನ್ನು ಹೊತ್ತು ದಿನಕ್ಕೆ 20-25 ಮೈಲಿ ನಡೆದುದೂ ಉಂಟು. ಅಷ್ಟು ನಡೆಯಲು ಹೆಗಲುಗಳೂ ಅಷ್ಟು ಬೇಕಾದುವು.

ಬೆನ್ನು ನೆಟ್ಟಗಿಡು, ಮಂಡಿ ಬಾಗಿಸು ಎಂದು ಪಾಠ ಹೇಳಿದರೆ ಸಾಲದೇ ಎನ್ನುವವರುಂಟು. ಎತ್ತುವ ಕ್ರಮವನ್ನು ಬೋಧಿಸುವುದರಿಂದಲೇ ಸೊಂಟನೋವು ಕಡಮೆಯಾಗುವುದೆಂಬುದಕ್ಕೆ ಆಧಾರ ಸಿಗಲಿಲ್ಲವೆಂದು ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದ ವಿದ್ವಾಂಸರು ತಿಳಿಸಿದ್ದಾರೆ. ಸೊಂಟದ ಪಟ್ಟಿಯ ವಿಷಯವೂ ಹಾಗೆಯೇ. ನಮಗೆ ಇದರಲ್ಲಿ ಆಶ್ಚರ್ಯವಿಲ್ಲ. ಮಗ್ಗಕ್ಕೂ ಗೋಡೆಗೂ ನಡುವೆ ಒಂದೂವರೆ ಅಡಿ ಜಾಗದಲ್ಲಿ ಯಾವ ಪಾಠ ನಡೆದೀತು? ತಾನಾಗಿ ಏರಿಳಿಯುವ ಸ್ಟ್ರೆಚರ್, ಮೆಟ್ಟಿಲಿಳಿಸುವ ಕುರ್ಚಿ, ಜಾರಿಸುವ ಹಾಸು, ಹೆಚ್ಚಿನ ಒಂದೆರಡು ಜೊತೆ ಕೈಗಳು, ಇವುಗಳಿಂದಲೇ ಪ್ರಯೋಜನ. ಮೊದಲಿನವನ್ನು ಅಧಿಕಾರಸ್ಥರು ಒದಗಿಸಬೇಕು. ಕೈಗಳನ್ನು ಒದಗಿಸುವುದು ನಮ್ಮಿಂದಾದೀತು.

ಕರೆ ಮಾಡುವಾಗಲೇ ರೋಗಿಯು ಯಾವ ಮಾಳಿಗೆಯಲ್ಲಿರುವರು, ದಪ್ಪನೆಯ ಆಳೇ, ನಡೆಯಬಲ್ಲರೇ ಎಂಬುದನ್ನು ತಿಳಿಸಿರಿ. ಗಾಡಿ ಬರುವುದರೊಳಗೆ ಬಾಗಿಲವರೆಗಿನ ಬೆಂಚು, ಕೊಡ, ಚಪ್ಪಲಿಗಳನ್ನು ತೆಗೆದು, ದೀಪ ಹಾಕಿ, ಗಟ್ಟಿಮುಟ್ಟಾದ ನೆರೆಯವರು ಇಬ್ಬರನ್ನೋ ನಾಲ್ವರನ್ನೋ ಕರೆದು ನಿಲ್ಲಿಸಿಕೊಳ್ಳಿರಿ. ಬಂದವರನ್ನು "ನಾವು ಎಲ್ಲಿ ಹಿಡಿಯಬೇಕು?" ಎಂದು ಕೇಳಿ, ಅವರಲ್ಲಿ ಒಬ್ಬನು "ಎತ್ತಿ" ಎಂದ ಮೇಲೆಯೇ ಎಲ್ಲರೂ ಒಟ್ಟಿಗೆ ಎತ್ತಬೇಕು, ಮನೆಯವರೆಲ್ಲರೂ ಒಂದೊಂದು ಅಪ್ಪಣೆ ಕೊಡತಕ್ಕುದಲ್ಲ. ರೋಗಿಯ ಕೈಗಳನ್ನು ಅವರ ಎದೆಯ ಮೇಲೆಯೇ ಇರಿಸಿ, ಹೊರುವವನ ಕುತ್ತಿಗೆಯನ್ನು ಹಿಡಿಯದಂತೆ ಸಮಾಧಾನ ಹೇಳಿರಿ. ಬಿದ್ದು ಪೆಟ್ಟು ತಿಂದವರನ್ನು ಮಾತ್ರ ತಿಳಿದವರು ಬರುವ ತನಕ ಅಲುಗಿಸಬೇಡಿ. ಬೆಂಕಿಯೋ ವಾಹನವೋ ಮೇಲೆ ಬರುವಂತಿದ್ದರೆ ಆ ಮಾತು ಬೇರೆ.

ಹಾಸಿಗೆ ಹಿಡಿದ ಅತ್ತೆಯನ್ನೋ ಮಾವನನ್ನೋ ವರ್ಷಗಟ್ಟಲೆ ಎತ್ತಿ ಮಲಗಿಸುವ ಗೃಹಿಣಿಯರ ಸೊಂಟಕ್ಕೂ ಈ ಏತದ ಲೆಕ್ಕವೇ. ನೆಲದ ಹಾಸಿಗೆಯನ್ನು ಬಿಟ್ಟು ಸೊಂಟದೆತ್ತರದ ಮಂಚವನ್ನು ಮಾಡಿಸಿರಿ. ತೋಳು ಹಿಡಿದು ಎಳೆಯುವುದಕ್ಕೆ ಬದಲು, ಮೈಕೆಳಗೆ ಮಡಿಸಿದ ದುಪ್ಪಟಿ ಹಾಸಿ, ಎರಡು ಕಡೆಯಿಂದ ಇಬ್ಬರು ಹಿಡಿದು ಮೇಲಕ್ಕೆ ಜಾರಿಸಿರಿ. ಆ ಎರಡನೆಯವರು ಮನೆಯ ಗಂಡಸರಾದರೆ ಮರ್ಯಾದೆಗೇನೂ ಕುಂದಿಲ್ಲ.

ನೋವು ಬಂದ ಮೇಲೆ ವಾರಗಟ್ಟಲೆ ಮಲಗುವುದು ಹಳೆಯ ನಂಬಿಕೆ. 1995ರಲ್ಲಿ ಫಿನ್ಲೆಂಡಿನ ವೈದ್ಯರು ಪರೀಕ್ಷಿಸಿದಾಗ, ಮಲಗಿದವರಿಗಿಂತ ಆದಷ್ಟು ಓಡಾಡಿಕೊಂಡಿದ್ದವರೇ ಬೇಗ ಚೇತರಿಸಿದರು. ಬಿಸಿಶಾಖ ಕೊಡಬಹುದು, ಒಂದೆರಡು ದಿನ ಭಾರ ಎತ್ತದೆ ಮೆಲ್ಲನೆ ನಡೆದಾಡಬಹುದು. ಉಳುಕು ತೆಗೆಯುವವರ ಕೈಯಲ್ಲಿ ಬೆನ್ನನ್ನು ತುಳಿಸಿಕೊಳ್ಳುವುದನ್ನು ನಾವು ಒಪ್ಪೆವು. ಕಾಲು ಸೋಲುವುದು, ತೊಡೆಗಳ ಸಂದು ಜೋಮುಹಿಡಿಯುವುದು, ಮಲಮೂತ್ರಗಳ ಹಿಡಿತ ತಪ್ಪುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನೋವಿನೊಡನೆ ಜ್ವರವೋ, ಕಾರಣವಿಲ್ಲದೆ ಮೈಯಿಳಿಯುವುದೋ, ರಾತ್ರಿ ಮಲಗಿದರೂ ಬಿಡದ ನೋವೋ ಇದ್ದರೆ ವೈದ್ಯರಿಗೆ ತೋರಿಸಲು ತಡಮಾಡಬಾರದು.

ಮಂಡಿನೋವನ್ನು ಕುರಿತು ವಾಚಕರು ಕೇಳಿರುವ ಪ್ರಶ್ನೆಗಳಿಗೆ ಸ್ಥಳವಿಲ್ಲದ್ದರಿಂದ ಅವುಗಳನ್ನು ಮುಂದಿನ ಸಂಚಿಕೆಗೆ ಇರಿಸಿಕೊಂಡಿದ್ದೇವೆ.