ನೂರಕ್ಕೆ ನೂರಿಪ್ಪತ್ತು

ಕುದುರೆ ರೇಸಿನ ಮಾತು ಬಂದರೆ ನಮ್ಮ ಮನೆಗಳಲ್ಲಿ ಎರಡೇ ಉತ್ತರ. ಗಂಡಸರು "ನಿನಗೆ ಅದೆಲ್ಲ ಅರ್ಥವಾಗೋಲ್ಲ ಬಿಡು" ಎನ್ನುತ್ತಾರೆ. ಹೆಂಗಸರು "ಆ ಪೀಡೆಯ ಮಾತೇ ಬೇಡ" ಎಂದು ಒಳಗೆ ಹೋಗುತ್ತಾರೆ. ಈ ಎರಡು ಉತ್ತರಗಳಿಂದಲೂ ಲಾಭ ಮಾತ್ರ ಒಬ್ಬನಿಗೇ, ಬುಕ್ಕಿಗೆ.

ನನ್ನ ಸೋದರಮಾವ ಮೈಸೂರಿನಲ್ಲಿದ್ದರು. ಅತ್ತೆ ಹರಕೆ ಹೊತ್ತು ಚಾಮುಂಡಿ ಬೆಟ್ಟ ಹತ್ತುತ್ತಿದ್ದರು. ಮಾವ ಬೆಟ್ಟದ ಬುಡದ ರೇಸ್‌ಕೋರ್ಸಿನಲ್ಲೇ ನಿಂತುಬಿಡುತ್ತಿದ್ದರು. ಅತ್ತೆಯ ನಾಲ್ಕು ಬಳೆಗಳೂ ಒಂದೊಂದಾಗಿ ಗಿರವಿ ಅಂಗಡಿ ಸೇರಿದವು. ಅತ್ತೆಯೇನು ದಡ್ಡರಲ್ಲ. ಚೀಟಿಯ ಕೂಗಿನಲ್ಲಿ ಎಷ್ಟು ಬಿಟ್ಟರೆ ಕೈಗೆಷ್ಟು ಬರುತ್ತದೆ, ನಡೆಸುವವನ ಕಮಿಷನ್ ಎಷ್ಟು ಎಂಬುದನ್ನು ಬಾಯಲ್ಲೇ ಲೆಕ್ಕ ಹಾಕಿ ಹೇಳುತ್ತಿದ್ದವರು. ರೇಸಿನ ಲೆಕ್ಕವನ್ನು ಮಾತ್ರ ಅವರಿಗೆ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಆ ಲೆಕ್ಕ ಸೊಪ್ಪಿನವಳ ಲೆಕ್ಕಕ್ಕಿಂತ ಕಷ್ಟದ್ದಲ್ಲ. ಬುಕ್ಕಿಯ ಹಲಗೆಯ ಮೇಲೆ ಪ್ರತಿ ಕುದುರೆಯ ಹೆಸರಿನ ಮುಂದೆ ಒಂದು ದರವಿರುತ್ತದೆ. ಅದಕ್ಕೆ ಆಡ್ಸ್ ಎನ್ನುತ್ತಾರೆ. ಒಂದಕ್ಕೆ ಮೂರು ಎಂದಿದ್ದರೆ, ಒಂದು ರೂಪಾಯಿ ಕಟ್ಟಿದವನಿಗೆ ಕುದುರೆ ಗೆದ್ದಾಗ ಮೂರು ರೂಪಾಯಿ ಲಾಭ, ಕಟ್ಟಿದ ರೂಪಾಯಿಯೂ ವಾಪಸು, ಒಟ್ಟು ನಾಲ್ಕು. ಅಂದರೆ 100 ರೂಪಾಯಿ ಕೈಗೆ ಬರಬೇಕಾದರೆ 25 ರೂಪಾಯಿ ಕಟ್ಟಬೇಕು.

ಈಗ ನಾಲ್ಕು ಕುದುರೆಗಳ ಒಂದು ಪಂದ್ಯ ಇಟ್ಟುಕೊಳ್ಳಿ. ಮೊದಲನೆಯದಕ್ಕೆ ಒಂದಕ್ಕೆ ಒಂದು, ಮುಂದಿನ ಎರಡಕ್ಕೂ ಒಂದಕ್ಕೆ ಮೂರು, ಕೊನೆಯದಕ್ಕೆ ಒಂದಕ್ಕೆ ನಾಲ್ಕು. ಯಾವುದೇ ಗೆದ್ದರೂ 100 ರೂಪಾಯಿ ಬರುವಂತೆ ಕಟ್ಟಿ ನೋಡಿ: 50, 25, 25, 20. ಕೂಡಿದರೆ 120! ಯಾವ ಕುದುರೆ ಗೆದ್ದರೂ ನಿಮಗೆ ಬರುವುದು 100, ಹೋಗಿದ್ದು 120. ಆ 20 ರೂಪಾಯಿ ಕುದುರೆ ಓಡುವ ಮೊದಲೇ ಹಲಗೆಯಲ್ಲಿ ಕೂತಿತ್ತು.

"ಎಲ್ಲ ಕುದುರೆಗೂ ಯಾರು ಕಟ್ಟುತ್ತಾರೆ?" ಎಂದು ಮಾವನಂಥವರು ನಗುತ್ತಾರೆ. ಒಬ್ಬೊಬ್ಬರೇ ಕಟ್ಟುವುದಿಲ್ಲ ಸ್ವಾಮಿ, ಗ್ಯಾಲರಿ ತುಂಬ ಕೂತವರೆಲ್ಲ ಸೇರಿ ಕಟ್ಟುತ್ತೀರಿ. ಇವತ್ತು ಗೆದ್ದವನ ದುಡ್ಡು ಸೋತವನ ಜೇಬಿನದು. ಇಬ್ಬರ ನಡುವೆ ನಿಂತವನು ತನ್ನ ಪಾಲು ಮುರಿದುಕೊಂಡಿರುತ್ತಾನೆ. ಬುಕ್ಕಿ ಬೇಡ, ಟೋಟಿನಲ್ಲಿ ಕಟ್ಟುತ್ತೇನೆ ಎಂದರೂ ಅಷ್ಟೆ. ಅಲ್ಲಿ ಎಲ್ಲರ ಹಣವೂ ಒಂದೇ ಗಡಿಗೆಗೆ ಬೀಳುತ್ತದೆ, ಕ್ಲಬ್ಬಿನ ಪಾಲೂ ತೆರಿಗೆಯೂ ಹೋಗಿ ಉಳಿದದ್ದು ಗೆದ್ದವರಿಗೆ. ಪಂದ್ಯದ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ. 28ರಿಂದ 40ಕ್ಕೆ ಏರಿದೆ.

ಇನ್ನೊಂದು ಭ್ರಮೆಯಿದೆ. ದರ ಕಡಿಮೆಯಿರುವ ಫೇವರಿಟ್ ಕುದುರೆ ಗೆದ್ದೇ ಗೆಲ್ಲುತ್ತದೆ ಎಂಬುದು. ಜನ ಹೆಚ್ಚು ಹಣ ಸುರಿದಂತೆ ದರ ಇಳಿಯುತ್ತದೆ. ಅದು ಜನರ ನಂಬಿಕೆಯ ಬೆಲೆಯೇ ಹೊರತು ಕುದುರೆಯ ಕಾಲಿನ ಗ್ಯಾರಂಟಿಯಲ್ಲ.

ಕುದುರೆ ಪಂದ್ಯ ಬರೀ ಅದೃಷ್ಟದ್ದಲ್ಲ, ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ ಹೇಳಿತು. ರೇಸಿಗೆ ಹೋಗುವವರು ಇದನ್ನು ಮಂತ್ರದಂತೆ ಹೇಳುತ್ತಾರೆ. ಕೌಶಲ ಇದ್ದೀತು, ಜಾಕಿಗೆ, ತರಬೇತುದಾರನಿಗೆ, ಕುದುರೆಗೆ. ಕಟ್ಟುವವನಿಗೂ ಒಂದಿಷ್ಟು ಇರಲಿ ಎಂದೇ ಒಪ್ಪೋಣ. ಆದರೆ ಆ ಕೌಶಲ ಮೊದಲು ಆ 20 ರೂಪಾಯಿಯ ಹಳ್ಳವನ್ನು ತುಂಬಬೇಕು, ಆಮೇಲೆ ತಾನೆ ಲಾಭದ ಮಾತು? ತಿಂಗಳ ಸಂಬಳದಲ್ಲಿ ಹಳ್ಳ ತುಂಬಲು ಹೊರಟವರ ಮನೆಯಲ್ಲಿ ಮೊದಲು ಬರಿದಾಗುವುದು ಹೆಂಗಸರ ಕೈ.

ಹರಕೆ ಹೊರುವುದೂ ಸಾಕು, ಅಳುವುದೂ ಸಾಕು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬಂತಾಗುವ ಮೊದಲು ಹಾಲಿನ ಲೆಕ್ಕದ ಪುಸ್ತಕವನ್ನೇ ತೆಗೆಯಿರಿ. ರೇಸಿಗೆ ಹೊರಟವರನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ದಿನದ ದರಗಳನ್ನು ಕೂಡಿಸಿ ನೋಡಿ. ಜೂಜಿನ ಸಭೆಯಲ್ಲಿ ದ್ರೌಪದಿ ಧರ್ಮದ ಪ್ರಶ್ನೆ ಕೇಳಿದಳು, ಹಿರಿಯರು ತಲೆ ತಗ್ಗಿಸಿ ಕೂತರು. ನಾವು ಲೆಕ್ಕದ ಪ್ರಶ್ನೆ ಕೇಳೋಣ. ಅದಕ್ಕೆ ಉತ್ತರ ಹಲಗೆಯ ಮೇಲೇ ಇದೆ.